ಗ್ರಾಫಿನಲ್ಲಿ ಒತ್ತಕ್ಷರ ಸರಿಯಾಗಿ ಬರಲಿ ಎಂದು ಕೇಳುವುದು ಹೇಗೆ?

"ಮೇಡಂ, ಚಿಕ್‌ಕಮಗಳೂರು ಅಂತ ಯಾಕಿದೆ?"

ಗೋಡೆಗೆ ಅಂಟಿಸಿದ್ದ ಮಳೆಯ ಗ್ರಾಫ್ ನೋಡಿ ಎಂಟನೇ ತರಗತಿಯ ಹುಡುಗಿ ಕೇಳಿದಳು. ಅದು ಕಾಗುಣಿತದ ತಪ್ಪಲ್ಲ. ಗ್ರಾಫ್ ಬರೆದ ತಂತ್ರಾಂಶಕ್ಕೆ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ. ನಮ್ಮ ಮಕ್ಕಳು ತಮ್ಮ ಊರಿನ ಮಳೆಯನ್ನು ತಮ್ಮ ಲಿಪಿಯಲ್ಲೇ ಓದಬೇಕು, ಅಲ್ವಾ?

ಇಂಥದ್ದನ್ನು ಕೇಳಲು ಸಂಕೋಚ ಬೇಡ. ಗ್ರಾಫ್ ಬರೆಯುವ ಮುಕ್ತ ತಂತ್ರಾಂಶ ಮ್ಯಾಟ್‌ಪ್ಲಾಟ್‌ಲಿಬ್ ಹುಟ್ಟಿದ್ದೇ ಒಬ್ಬರ ಅಗತ್ಯದಿಂದ. ಮೂರ್ಛೆರೋಗಿಗಳ ಮೆದುಳಿನ ಸಂಕೇತಗಳನ್ನು ನೋಡಬೇಕಿದ್ದ ಜಾನ್ ಹಂಟರ್ ಅದನ್ನು 2003ರಲ್ಲಿ ಹೊರತಂದರು. ಇಂಥ ಎಷ್ಟೋ ಮುಕ್ತ ತಂತ್ರಾಂಶಗಳಿಗೆ ಬೇಡಿಕೆ ಸಲ್ಲಿಸಲು, ಅವುಗಳ ಕೋಡ್ ಇಟ್ಟಿರುವ ಗಿಟ್‌ಹಬ್ ಜಾಲತಾಣದಲ್ಲಿ ಖಾತೆ ಇದ್ದರೆ ಸಾಕು.

ಮೊದಲು ಹೊಸ ಆವೃತ್ತಿ ಹಾಕಿಕೊಂಡು ನೋಡಿ. ಆಮೇಲೆ ಹಳೆಯ ಬೇಡಿಕೆಗಳನ್ನು ಹುಡುಕಿ, ಮುಚ್ಚಿದವನ್ನೂ ಬಿಡಬೇಡಿ. 'ಕನ್ನಡ' ಅಂತ ಮಾತ್ರ ಹುಡುಕಿದರೆ ಸಾಲದು. ದೇವನಾಗರಿ, ಬಂಗಾಳಿ, ಅರೇಬಿಕ್ ಬರೆಯುವವರ ತೊಂದರೆಯೂ ಇದೇ. ಅವರು ಕೇಳಿದ್ದರೆ ಹೊಸದು ತೆರೆಯದೆ ಅಲ್ಲೇ ನಿಮ್ಮ ಉದಾಹರಣೆ ಸೇರಿಸಿ.

ಮ್ಯಾಟ್‌ಪ್ಲಾಟ್‌ಲಿಬ್‌ನ ನಮೂನೆಯಲ್ಲಿ ಮುಖ್ಯವಾಗಿ ಎರಡು ಖಾನೆ: ಸಮಸ್ಯೆ, ನೀವು ಸೂಚಿಸುವ ಪರಿಹಾರ. ಜಾಸ್ತಿ ಸಮಯವನ್ನು ಮೊದಲನೆಯದಕ್ಕೇ ಕೊಡಿ. 'ಕನ್ನಡ ಸರಿಯಾಗಿ ಬರುತ್ತಿಲ್ಲ' ಅಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ, ಅವರಿಗೆ ನಮ್ಮ ಲಿಪಿ ಗೊತ್ತಿಲ್ಲ. ಎರಡು ಚಿತ್ರ ಪಕ್ಕಪಕ್ಕ ಇಡಿ: ಈಗ ಬರುತ್ತಿರುವುದು, ಬರಬೇಕಾದದ್ದು. ತಪ್ಪಿದ ಕಡೆ ಕೆಂಪು ಸುತ್ತು ಹಾಕಿ. ಮಳೆಯ ಫೈಲು ಕಳಿಸಬೇಡಿ. ಒಂದೇ ಶೀರ್ಷಿಕೆ ಬರೆಯುವ ನಾಲ್ಕೈದು ಸಾಲಿನ ಕೋಡ್ ಸಾಕು. ಫಾಂಟ್ ಯಾರಿಗೂ ಉಚಿತವಾಗಿ ಸಿಗುವಂಥದ್ದಿರಲಿ, ನಾನು ನೋಟೋ ಸಾನ್ಸ್ ಕನ್ನಡ ಬಳಸುತ್ತೇನೆ. ಆವೃತ್ತಿಯ ಸಂಖ್ಯೆ ಬರೆಯಿರಿ.

ಪದಗಳನ್ನು ಯೋಚಿಸಿ ಆರಿಸಿ. ಚಿಕ್ಕಮಗಳೂರಿನಲ್ಲಿ ಸಾದಾ ಒತ್ತು ಇದೆ. ತೀರ್ಥಹಳ್ಳಿಯಲ್ಲಿ ರಕಾರ ಮೊದಲು ಉಚ್ಚಾರವಾದರೂ ಅರ್ಕಾವತ್ತಾಗಿ ಹಿಂದೆ ಕೂರುತ್ತದೆ. 'ರಾಷ್ಟ್ರ'ದಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತು. ಈ ಮೂರೂ ಸರಿಬಂದರೆ ಬಹಳಷ್ಟು ಸರಿಬಂದಂತೆ.

ಪರಿಹಾರ ಹೀಗೇ ಇರಬೇಕು ಅಂತ ಹಟ ಬೇಡ. ಅಕ್ಷರ ಜೋಡಿಸಲು ಫೈರ್‌ಫಾಕ್ಸ್ ಹಾರ್ಫ್‌ಬಜ್ ಲೈಬ್ರರಿ ಬಳಸುತ್ತದೆ ಎಂಬಂಥ ಸುಳಿವು ಕೊಟ್ಟರೆ ಸಾಕು. 'ಅರ್ಜೆಂಟ್' ಅಂತ ಬರೆಯಬೇಡಿ, ಇದನ್ನು ನೋಡಿಕೊಳ್ಳುವವರಲ್ಲಿ ತುಂಬಾ ಜನ ಸ್ವಯಂಸೇವಕರು. ಪ್ರಶ್ನೆ ಬಂದರೆ ಬೇಗ ಉತ್ತರಿಸಿ. ಸುಮ್ನೆ ಕಾಯುವ ಬದಲು, ಹೊಸ ಕೋಡ್ ಬಂದಾಗ ಕನ್ನಡದಲ್ಲಿ ಪರೀಕ್ಷಿಸಿ ಕೊಡುತ್ತೇನೆ ಅಂತ ಹೇಳಿ. ಕನ್ನಡ ಓದಬಲ್ಲವರು ಅಲ್ಲಿ ನೀವೊಬ್ಬರೇ ಇರಬಹುದು.