ಬೆಂಗಳೂರು ಬಸ್ ಹತ್ತುವ ಮುಂಚೆ: ಹುಬ್ಬಳ್ಳಿ-ಧಾರವಾಡದಲ್ಲೇ ಕೆಲಸ ಹುಡುಕುವುದು ಹೇಗೆ?

ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪಿಡಿಒ, ಪಿಎಸ್‌ಐ ಪರೀಕ್ಷೆಗೆ ಓದುವವರು ಓದಲಿ. ಆದರೆ ನೋಟಿಫಿಕೇಶನ್ ಬರುವವರೆಗೆ ಸುಮ್ನೆ ಕೂರಬೇಕಿಲ್ಲ. ಗೋಕುಲ ರಸ್ತೆ, ತಾರಿಹಾಳ, ಬೇಲೂರಿನಲ್ಲಿ ಕಾರ್ಖಾನೆಗಳಿವೆ. ಊರ ತುಂಬ ಆಸ್ಪತ್ರೆ, ಶೋರೂಮುಗಳಿವೆ. ಕೆಲಸ ಇದೆ, ಅದು ಸಿಗುವ ದಾರಿ ಬದಲಾಗಿದೆ. ಮೊದಲು ಗೇಟಿಗೆ ಹಚ್ಚಿದ ಬೋರ್ಡ್ ನೋಡಿ ಒಳಗೆ ಹೋಗಿ ಕೇಳುತ್ತಿದ್ದರು. ಈಗ ಎಷ್ಟೋ ಕಡೆ ಏಜೆನ್ಸಿ ಮೂಲಕವೇ ಹೋಗಬೇಕು, ಅರ್ಜಿಯನ್ನು ಮೊದಲು ಓದುವುದೂ ಕಂಪ್ಯೂಟರೇ.

ಹಾಗಾಗಿ ರೆಸ್ಯೂಮೆಯಿಂದ ಶುರು ಮಾಡಿ. ಜೆರಾಕ್ಸ್ ಅಂಗಡಿಯ ರೆಡಿ ಫಾರ್ಮ್ಯಾಟಿನಲ್ಲಿ ತಂದೆ ಹೆಸರು, ಜಾತಿ, ಮದುವೆ ಆಗಿದೆಯೋ ಇಲ್ಲವೋ, ಹವ್ಯಾಸ ಕ್ರಿಕೆಟ್ ಎಂದೆಲ್ಲ ಇರುತ್ತದೆ. ಅಷ್ಟನ್ನೂ ತೆಗೆಯಿರಿ. ಒಂದೇ ಪುಟ ಸಾಕು. ಬಣ್ಣದ ಬಾಕ್ಸು, ಎರಡು ಕಾಲಮ್ಮು ಬೇಡ, ಸಾಫ್ಟ್‌ವೇರ್ ಓದುವಾಗ ಸಾಲುಗಳು ಕಲಸಿಹೋಗಬಹುದು. ಪಿಡಿಎಫ್ ಆದ ಮೇಲೆ ಒಂದು ಪರೀಕ್ಷೆ ಮಾಡಿ: ನಾಲ್ಕು ಸಾಲು ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಅಕ್ಷರ ಸರಿಯಾಗಿ ಬಂದರೆ ಪಾಸು. ಕಾಪಿಯೇ ಆಗದಿದ್ದರೆ ಅದು ಬರೀ ಫೋಟೊ. ಕನ್ನಡದ ಸಾಲುಗಳನ್ನು ಹಳೆಯ ನುಡಿ ಫಾಂಟ್‌ನಲ್ಲಿ ಹೊಡೆಸಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ, ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿಸಿ.

‘ಕಷ್ಟಪಟ್ಟು ದುಡಿಯುತ್ತೇನೆ’ ಎಂದು ಎಲ್ಲರೂ ಬರೆಯುತ್ತಾರೆ. ‘ಟ್ಯಾಲಿಯಲ್ಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಜಿಎಸ್‌ಟಿ ಬಿಲ್ ಹಾಕುತ್ತೇನೆ’ ಎಂದು ಬರೆದವರಿಗೆ ಫೋನ್ ಬರುತ್ತದೆ. ದುರ್ಗದ ಬೈಲಿನ ಮಾವನ ಅಂಗಡಿಯಲ್ಲಿ ಲೆಕ್ಕ ನೋಡಿಕೊಂಡಿದ್ದರೆ ಅದೂ ಅನುಭವವೇ, ಬಿಡಬೇಡಿ.

ಐಟಿಐ, ಡಿಪ್ಲೊಮಾ ಮುಗಿಸಿದವರು ಅಪ್ರೆಂಟಿಸ್ ದಾರಿ, ಅಂದರೆ ಕಂಪನಿಯಲ್ಲೇ ಕೆಲಸ ಮಾಡುತ್ತ ತರಬೇತಿ ಪಡೆಯುವ ದಾರಿ ಹಿಡಿಯುವುದು ಒಳ್ಳೆಯದು. 30 ಅಥವಾ ಅದಕ್ಕಿಂತ ಜಾಸ್ತಿ ಜನರಿರುವ ಕಂಪನಿ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಎಂಬ ನಿಯಮವಿದೆ. ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆ ಕೂಡ ಅರ್ಜಿ ಕರೆಯುತ್ತದೆ. ಪರೀಕ್ಷೆ ಇಲ್ಲ, ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಮೇಲೆ ಆಯ್ಕೆ. ತರಬೇತಿ ಮುಗಿದ ಕೂಡಲೇ ನೌಕರಿ ಎಂದೇನಿಲ್ಲ. ಆದರೆ ಮುಂದೆ ರೈಲ್ವೆಯ ಲೆವೆಲ್-1, ಅಂದರೆ ಆರಂಭಿಕ ದರ್ಜೆಯ ಹುದ್ದೆಗಳಲ್ಲಿ ಇಂಥವರಿಗೆ ಶೇ 20 ಮೀಸಲು.

ಇನ್ನು ಅರ್ಜಿ ಹಾಕುವುದು. ಕೇಂದ್ರ ಸರ್ಕಾರದ ನ್ಯಾಷನಲ್ ಕರಿಯರ್ ಸರ್ವಿಸ್ ಪೋರ್ಟಲ್‌ನಲ್ಲಿ ನೋಂದಣಿಗೆ ದುಡ್ಡಿಲ್ಲ. ಕಂಡಕಂಡಲ್ಲಿ ಬಟನ್ ಒತ್ತುವುದಕ್ಕಿಂತ ಹತ್ತಾರು ಕಂಪನಿ ಆರಿಸಿಕೊಳ್ಳಿ. ಅಲ್ಲಿ ಈಗಾಗಲೇ ಇರುವ ನಿಮ್ಮ ಕಾಲೇಜಿನ ಸೀನಿಯರ್‌ಗೆ ಒಂದು ಫೋನ್ ಮಾಡಿ. ನಮ್ಮ ಕಡೆ ಈಗಲೂ ಅದರಷ್ಟು ನಡೆಯುವ ದಾರಿ ಇನ್ನೊಂದಿಲ್ಲ.

ಜನ ಸಿಗುತ್ತಿಲ್ಲ ಎನ್ನುವ ಮಾಲೀಕರಿಗೂ ಒಂದು ಮಾತು. ‘ಆಕರ್ಷಕ ಸಂಬಳ’ ಎಂದು ಹಾಕಿದರೆ ಯಾರು ಬರುತ್ತಾರೆ? ಸಂಬಳ ಎಷ್ಟು, ಶಿಫ್ಟ್ ಯಾವುದು, ಕಂಪನಿ ಬಸ್ಸು ಇದೆಯೋ ಇಲ್ಲವೋ, ಇಷ್ಟು ಬರೆಯಿರಿ. ಗದಗಿನಿಂದ ದಿನಾ ಓಡಾಡುವ ಹುಡುಗಿಗೆ ರಾತ್ರಿ ಶಿಫ್ಟ್ ಎಷ್ಟಕ್ಕೆ ಬಿಡುತ್ತದೆ ಅನ್ನುವುದೇ ಮೊದಲ ಪ್ರಶ್ನೆ.

ಆಯ್ಕೆ ಆದ ಮೇಲೆ ಸಂಬಳದ ಲೆಕ್ಕ ಕೂತು ನೋಡಿ, ಎಡವುವುದು ಇಲ್ಲೇ ಜಾಸ್ತಿ. ಸಿಟಿಸಿ ಅಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು. ‘ಸಿಟಿಸಿ 17,960’ ಅಂದರೆ ತಿಂಗಳಿಗೆ ಕೈಗೆ ಅಷ್ಟು ಬರುವುದಿಲ್ಲ. ಉದಾಹರಣೆಗೆ ಬೇಸಿಕ್ 12,000, ಒಟ್ಟು ಸಂಬಳ 16,000 ಇದೆ ಅನ್ನಿ. ಕಂಪನಿ ಕಟ್ಟುವ ಪಿಎಫ್ (ಭವಿಷ್ಯ ನಿಧಿ) 1,440, ಇಎಸ್‌ಐ (ನೌಕರರ ಆರೋಗ್ಯ ವಿಮೆ) 520 ಸೇರಿಸಿದರೆ 17,960. ಇನ್ನು ನಿಮ್ಮ ಪಾಲಿನ ಪಿಎಫ್ 1,440, ಇಎಸ್‌ಐ 120 ಕಡಿತವಾಗಿ ಕೈಗೆ ಸಿಗುವುದು 14,440. ಪಿಎಫ್ ನಿಮ್ಮ ಹಣವೇ, ಹಾಳಾಗುವುದಿಲ್ಲ. ಆದರೆ ರೂಮ್ ಬಾಡಿಗೆಗೆ ಅದು ಬರುವುದಿಲ್ಲ ಅಲ್ವಾ? ಏಜೆನ್ಸಿ ಮೂಲಕ ಸೇರುವುದಾದರೆ ಅದರ ಹೆಸರು ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಸಂಸ್ಥೆಯ ವೆಬ್‌ಸೈಟಿನಲ್ಲಿ ಇದೆಯೇ ಹುಡುಕಿ. ನೇಮಕಾತಿ ಪತ್ರ ಕೇಳಿ ಪಡೆಯಿರಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಅದು ಕಡ್ಡಾಯ.

ಯೂನಿಫಾರ್ಮ್, ಟ್ರೇನಿಂಗ್, ‘ವಾಪಸ್ ಕೊಡುವ ಡೆಪಾಸಿಟ್’, ಯಾವ ಹೆಸರಲ್ಲಿ ದುಡ್ಡು ಕೇಳಿದರೂ ಅಲ್ಲಿಗೇ ಬಿಡಿ. ಆನ್‌ಲೈನ್‌ನಲ್ಲಿ ಕಳಿಸಿಯೇ ಬಿಟ್ಟಿದ್ದರೆ ನಾಚಿಕೆ ಪಡುತ್ತ ಕೂರದೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಮಾಡಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಚಾಟ್ ಮತ್ತು ಪೇಮೆಂಟಿನ ಸ್ಕ್ರೀನ್‌ಶಾಟ್ ಅಳಿಸಬೇಡಿ, ದೂರಿಗೆ ಬೇಕಾಗುತ್ತವೆ.