ಮೂಗುದಾರವಿಲ್ಲದ ಹಳ್ಳಿಕಾರ್ ಜೋಡಿ: ನನ್ನ ಅನುಭವ

ಗುಬ್ಬಿ ತಾಲ್ಲೂಕಿನ ನಮ್ಮ ಹೊಲದಲ್ಲಿ ಈ ಮುಂಗಾರಿನ ಉಳುಮೆಯನ್ನೂ ರಾಗಿಗೆ ಕುಂಟೆ ಹೊಡೆಯುವ ಕೆಲಸವನ್ನೂ ಮೂಗು ಚುಚ್ಚದ ಹಳ್ಳಿಕಾರ್ ತಳಿಯ ಹೋರಿಗಳ ಜೋಡಿಯೇ ಮುಗಿಸಿತು. ಮೂಗುದಾರವಿಲ್ಲದ ಹೋರಿ ನೊಗಕ್ಕೆ ಬಗ್ಗದು ಎಂದು ವಾದಿಸುತ್ತಿದ್ದವರೇ ಬದುವಿನ ಮೇಲೆ ನಿಂತು ನೋಡಿ ಹೋಗಿದ್ದಾರೆ.

ನನ್ನನ್ನು ಈ ಕೆಲಸಕ್ಕೆ ಹಚ್ಚಿದ್ದು ಕಾನೂನಿನ ಓದು. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಂ ನಿಗದಿತ ರೀತಿಯಲ್ಲಿ ಮೂಗುದಾರ ಹಾಕಲು ವಿನಾಯಿತಿ ಕೊಟ್ಟಿದೆ. ಜಲ್ಲಿಕಟ್ಟಿಗೆ ತಡೆಯೊಡ್ಡಿದ 2014ರ ನಾಗರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರಾಣಿಗಳಿಗೂ ಘನತೆಯ ಹಕ್ಕುಂಟೆಂದಿತು. 2023ರಲ್ಲಿ ಸಂವಿಧಾನ ಪೀಠ ಜಲ್ಲಿಕಟ್ಟು, ಕಂಬಳಗಳಿಗೆ ಅವಕಾಶ ಕೊಡುವ ರಾಜ್ಯಗಳ ತಿದ್ದುಪಡಿ ಕಾಯ್ದೆಗಳನ್ನು ಎತ್ತಿಹಿಡಿಯಿತು. ನನಗೆ ದಾರಿ ಕಂಡದ್ದು 2008ರಿಂದ ಜಾರಿಯಲ್ಲಿರುವ ಸ್ವಿಟ್ಜರ್ಲೆಂಡಿನ ಪ್ರಾಣಿ ಸಂರಕ್ಷಣಾ ಕಾಯ್ದೆಯಲ್ಲಿ. ನೋವು, ಭಯಗಳಷ್ಟೇ ಅಲ್ಲ, ಪ್ರಾಣಿಯನ್ನು ಹೀನಾಯಗೊಳಿಸುವುದು, ಅದರ ರೂಪವನ್ನೋ ಸಾಮರ್ಥ್ಯವನ್ನೋ ಬಹಳವಾಗಿ ಮಾರ್ಪಡಿಸುವುದು, ಮಿತಿಮೀರಿ ಸಾಧನವಾಗಿಸಿಕೊಳ್ಳುವುದು ಕೂಡ, ಅದನ್ನು ಸಮರ್ಥಿಸುವಷ್ಟು ದೊಡ್ಡ ಹಿತವೊಂದು ಇಲ್ಲದಿದ್ದರೆ, ಘನತೆಗೆ ಧಕ್ಕೆಯೆಂದು ಅದು ಹೇಳುತ್ತದೆ. ಹಾಗಿದ್ದಲ್ಲಿ ಮೂಗುದಾರವಿಲ್ಲದೆ ಉಳಬಹುದೆಂದು ತೋರಿಸಿಬಿಟ್ಟರೆ ಮೂಗುದಾರ ಅನಿವಾರ್ಯವೆಂಬ ವಾದಕ್ಕೆ ನೆಲೆ ಉಳಿಯದು.

ಮೂಗುದಾರದ ಬದಲಿಗೆ ಮೊದಲು ಹೆಣೆಸಿದ ನೈಲಾನ್ ಮುಖಕಟ್ಟು ಎಳೆದಾಗಲೆಲ್ಲ ಕಣ್ಣಿನತ್ತ ಸರಿದು, ಮೂಗಿನ ಮೂಳೆಯ ಮೇಲೆ ಗಾಯ ಮಾಡಿತು. ಚರ್ಮದ್ದು ಮಳೆಗೆ ನೆನೆದು ಹಿಗ್ಗಿತು. ಕೊನೆಗೆ ಉಳಿದದ್ದು ಅಗಲವಾದ ಹತ್ತಿಯ ಪಟ್ಟಿ ಮತ್ತು ಗದ್ದದ ಕೆಳಗೊಂದು ಹಿತ್ತಾಳೆಯ ಬಳೆ. ಇಷ್ಟಕ್ಕೆ ಆರೇಳು ಸಾವಿರ ರೂಪಾಯಿ ಕರಗಿತು. ದೊಡ್ಡ ನಷ್ಟವಾದದ್ದು ಸಂತೆಯಿಂದ ತಂದ, ಎರಡು ಹಲ್ಲು ಬಂದು ಆಗಲೇ ಬೆಳೆದಿದ್ದ ಹೋರಿಗಳಿಂದ. ಅವು ಟ್ರ್ಯಾಕ್ಟರ್ ಸದ್ದಿಗೆ ಬೆದರಿ ನೊಗದ ಸಮೇತ ಓಡಿದವು, ಮಾರುವಾಗ ಹದಿನೈದು ಸಾವಿರದಷ್ಟು ಕೈಬಿಟ್ಟಿತು. ಆಮೇಲೆ ಹಾಲು ಬಿಟ್ಟ ಕರುಗಳಿಂದಲೇ ಆರಂಭಿಸಿ, ಮೊದಲು ಕೂಗಿಗೆ ನಿಲ್ಲುವುದನ್ನೂ ತಿರುಗುವುದನ್ನೂ ಕಲಿಸಿ, ನೊಗವನ್ನು ಕಡೆಗೆ ತೋರಿಸಿದೆ. ಬಳೆಯಲ್ಲಿ ಹಗ್ಗ ಹಾಯಿಸುವ ಕ್ರಮವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಹೋರಿಯ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಇದೇ ಯೋಚನೆಯಲ್ಲಿ ಒಂದು ಹೋರಿಯ ಕೊಂಬು ಹೆರೆಸುವುದನ್ನೂ ಬಿಟ್ಟೆ. ಕೊಂಬು ಸ್ವಲ್ಪ ಒರಟಾಗಿಯೇ ಬೆಳೆದಿದೆ, ಆದರೆ ಹೆರೆಸಿಕೊಂಡ ಜೊತೆಯ ಹೋರಿಗಿಂತ ಇದು ತಲೆ ಮುಟ್ಟಲು ಬೇಗ ಬಿಡುತ್ತದೆ. ಒಂದೇ ಜೋಡಿಯಿಂದ ತೀರ್ಮಾನ ಹೇಳಲಾಗದು, ಮುಂದಿನ ಕರುಗಳಲ್ಲಿ ನೋಡುವವನಿದ್ದೇನೆ.

ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ದಲ್ಲಾಳಿಗಳು ಮೂಗು ಚುಚ್ಚಿಲ್ಲವೆಂದು ಸುಮಾರು ಮೂವತ್ತು ಸಾವಿರ ಇಳಿಸಿ ಕೇಳಿದರು. ನಾನು ಕೊಡಲಿಲ್ಲ. ಪಕ್ಕದ ಊರಿನ ಇಬ್ಬರು ಈಗ ತಮ್ಮ ಕರುಗಳ ಮೂಗು ಚುಚ್ಚಿಸದೆ ಉಳಿಸಿಕೊಂಡು, ಪಟ್ಟಿಯ ಅಳತೆ ಕೇಳಿಕೊಂಡು ಹೋಗಿದ್ದಾರೆ.