ದೀಪ ಉರಿಯುತ್ತಿತ್ತು, ಚಕ್ರ ಎಳೆಯುತ್ತಿರಲಿಲ್ಲ

ಕೆಸರಿನಲ್ಲಿ ನನ್ನ ಹಳೇ ಫೋರ್ ವೀಲ್ ಡ್ರೈವ್ ಪಿಕಪ್‌ನ ಹಿಂದಿನ ಚಕ್ರ ಸುಮ್ನೆ ಗಿರಗಿರ ತಿರುಗುತ್ತಿತ್ತು. ಮುಂದಿನವು ಅಲ್ಲಾಡಲಿಲ್ಲ. ಮುಂದಿನ ಚಕ್ರಗಳನ್ನು ಶಾಫ್ಟಿಗೆ ಜೋಡಿಸುವ ಎರಡೂ ಹಬ್‌ಗಳ ಡಯಲ್ ಲಾಕ್‌ನಲ್ಲಿತ್ತು, ಲಿವರ್ 4ಎಚ್‌ನಲ್ಲಿತ್ತು (ನಾಲ್ಕೂ ಚಕ್ರಕ್ಕೆ ಬಲ, ಮಾಮೂಲಿ ಗೇರ್), ಫೋರ್ ವೀಲ್ ದೀಪವೂ ಉರಿಯುತ್ತಿತ್ತು. ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಹೋಯ್ತು ಅಂದುಕೊಂಡೆ.

ನಾನು ಎಡವಿದ್ದು ಅಲ್ಲೇ. ಈ ಗಾಡಿಯಲ್ಲಿ ಆ ದೀಪ ಟ್ರಾನ್ಸ್‌ಫರ್ ಕೇಸಿನ ಸುದ್ದಿ ಮಾತ್ರ ಹೇಳುತ್ತದೆ. ಹಬ್ ಕಚ್ಚಿಕೊಂಡಿದೆಯೋ ಇಲ್ಲವೋ ಅದಕ್ಕೇನು ಗೊತ್ತು? ಇದು ಹೊಳೆಯದೆ ಎರಡು ದಿನ ಗಾಡಿ ಕೆಳಗೆ ಮಲಗಿ, ಕೇಸಿನ ಆಯಿಲ್ ಇಳಿಸಿ, ಲೋಹದ ಚೂರು ಹುಡುಕಿದೆ. ಒಂದೂ ಸಿಗಲಿಲ್ಲ. ನೀವೂ ಆಯಿಲ್ ಇಳಿಸುವುದಾದರೆ ತುಂಬುವ ಪ್ಲಗ್ ಮೊದಲು ಬಿಚ್ಚಿ. ಎಲ್ಲ ಇಳಿಸಿದ ಮೇಲೆ ಅದು ಬಿಚ್ಚಲಿಲ್ಲ ಅಂದರೆ ಗಾಡಿ ನಿಂತಲ್ಲೇ.

ಆಮೇಲೆ ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಲಿವರನ್ನು 2ಎಚ್‌ಗೆ (ಹಿಂದಿನ ಚಕ್ರಕ್ಕೆ ಮಾತ್ರ ಬಲ) ಹಾಕಿ, ಚಕ್ರಗಳನ್ನು ಕೈಯಲ್ಲೇ ತಿರುಗಿಸಿದೆ. ನನ್ನದು ಮುಂದಿನ ಚಕ್ರಗಳು ಬೇರೆಬೇರೆಯಾಗಿ ಏರಿಳಿಯುವ ಇಂಡಿಪೆಂಡೆಂಟ್ ಸಸ್ಪೆನ್ಷನ್, ಶಾಫ್ಟ್ ಕಣ್ಣಿಗೇ ಕಾಣುತ್ತದೆ. ಎಡಗಡೆ ಚಕ್ರದ ಜೊತೆ ಶಾಫ್ಟೂ ತಿರುಗಿತು. ಬಲಗಡೆ ಚಕ್ರ ಮಾತ್ರ. ಡಯಲ್ ಲಾಕ್ ಅಂತಿದೆ, ಒಳಗೆ ಫ್ರೀ.

ಒಂದು ಹಬ್ ಕೈಕೊಟ್ಟರೆ ಇನ್ನೊಂದು ಚಕ್ರವಾದರೂ ಎಳೆಯಬೇಕಲ್ವಾ? ಎಳೆಯುವುದಿಲ್ಲ. ಎಡ, ಬಲ ಚಕ್ರಗಳಿಗೆ ಬಲ ಹಂಚುವ ಮುಂದಿನ ಡಿಫರೆನ್ಷಿಯಲ್ ಓಪನ್ (ಲಾಕ್ ಇಲ್ಲದ್ದು) ಇದ್ದರೆ, ಬಿಡಿಯಾಗಿರುವ ಶಾಫ್ಟ್ ಖಾಲಿ ಸುತ್ತುತ್ತದೆ, ಕಚ್ಚಿಕೊಂಡ ಕಡೆಗೆ ಬಲವೇ ಹೋಗುವುದಿಲ್ಲ.

ಹಬ್ಬಿನ ಆರು ನಟ್‌ಗಳ ಕೆಳಗೆ ಕೋನ್ ವಾಷರ್‌ಗಳಿರುತ್ತವೆ, ಸ್ಟಡ್ಡಿಗೆ ಬಿಗಿಯಾಗಿ ಕಚ್ಚಿಕೊಂಡು. ನಟ್ಟನ್ನು ಪೂರ್ತಿ ತೆಗೆಯದೆ ಸ್ಟಡ್ಡಿನ ತುದಿಯವರೆಗೆ ಸಡಿಲಿಸಿ, ಅದರ ಮೇಲೆ ಹಿತ್ತಾಳೆ ಸುತ್ತಿಗೆಯಿಂದ ಒಂದೊಂದೇ ಏಟು ಹಾಕಿದೆ. ಥ್ರೆಡ್ ಉಳಿಯಿತು, ವಾಷರ್ ಟಿಕ್ ಅಂತ ಹಾರಿತು. ಒಳಗೆ ನೋಡಿದರೆ ಮೇಣದ ಹಾಗೆ ಗಟ್ಟಿಯಾದ ಗ್ರೀಸ್. ತುಂಬಿದವನು ನಾನೇ! ಬೇರಿಂಗ್ ಬದಲಾಯಿಸಿದಾಗ, ಜಾಸ್ತಿ ಇದ್ದರೆ ಒಳ್ಳೇದು ಅಂತ ಹಬ್ಬಿಗೂ ಮೆತ್ತಿದ್ದೆ. ಡಯಲ್ ತಿರುಗಿಸಿದಾಗ, ಚಕ್ರವನ್ನು ಶಾಫ್ಟಿಗೆ ಜೋಡಿಸುವ ಕ್ಲಚ್ ರಿಂಗನ್ನು ಹಲ್ಲಿನೊಳಗೆ ತಳ್ಳುವುದು ಒಂದು ಬಡಪಾಯಿ ಸ್ಪ್ರಿಂಗ್. ಆ ಗ್ರೀಸನ್ನು ದಾಟಲು ಅದಕ್ಕೆ ಎಲ್ಲಿಯ ಶಕ್ತಿ?

ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಬೆರಳಿನಿಂದ ಗ್ರೀಸನ್ನು ತೆಳುವಾಗಿ ಸವರಿದೆ. ಅಷ್ಟೇ ಸಾಕು. ಗ್ರೀಸ್ ತುಂಬಬೇಕಾದ್ದು ಬೇರಿಂಗಿಗೆ, ಹಬ್ಬಿಗಲ್ಲ.

ಆ ಖುಷಿಯಲ್ಲಿ ಒಣ ಟಾರ್ ರಸ್ತೆಯಲ್ಲೇ 4ಎಚ್ ಹಾಕಿ ಎರಡು ತಿರುವು ಹೊಡೆದೆ. ಲಿವರ್ ಸಿಕ್ಕಿಕೊಂಡಿತು. ಬೇಕಾದಾಗ ಮಾತ್ರ ಫೋರ್ ವೀಲ್ ಹಾಕುವ ಇಂಥ ಪಾರ್ಟ್ ಟೈಮ್ ಕೇಸಿನಲ್ಲಿ, ಮುಂದಿನ ಹಿಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಓಡಬೇಕು, ಟಾರಿನಲ್ಲಿ ಜಾರಲು ಜಾಗವಿಲ್ಲ, ಶಾಫ್ಟ್‌ಗಳು ಹಗ್ಗದ ಹಾಗೆ ಹುರಿಗೊಳ್ಳುತ್ತವೆ. ರಿವರ್ಸ್‌ನಲ್ಲಿ ನಾಲ್ಕಡಿ ಹೋದಾಗ ಲಿವರ್ ತಾನೇ ಬಿಟ್ಟಿತು.

ಕೈಯಲ್ಲಿ ತಿರುಗಿಸುವ ಹಬ್‌ಗಳಿಂದ ಇನ್ನೊಂದು ಲಾಭವಿದೆ. ಎರಡನ್ನೂ ಫ್ರೀ ಬಿಟ್ಟು ಲಿವರನ್ನು 4ಎಲ್‌ಗೆ ಹಾಕಿದರೆ ಹಿಂದಿನ ಚಕ್ರಕ್ಕೆ ಮಾತ್ರ ಲೋ ಗೇರ್ ಸಿಗುತ್ತದೆ. ಟ್ರೇಲರನ್ನು ಟಾರಿನ ಮೇಲೆ ಹಿಂದಕ್ಕೆ ಒತ್ತುವಾಗ ನಾನು ಹೀಗೇ ಮಾಡುತ್ತೇನೆ. ಕ್ಲಚ್ ಸುಟ್ಟ ವಾಸನೆ ಬರುವುದಿಲ್ಲ.